ಸುಲಿನಾಕ್ಕೆ ಹೋಗುವ ಮುನ್ನ: ಡ್ಯಾನ್ಯೂಬ್ ಕಡಲು ಸೇರುವ ಊರು

ರೊಮೇನಿಯಾದ ಸುಲಿನಾಕ್ಕೆ ರಸ್ತೆಯಿಲ್ಲ, ರೈಲೂ ಇಲ್ಲ. ಡ್ಯಾನ್ಯೂಬ್ ನದಿ ಕಪ್ಪು ಸಮುದ್ರ ಸೇರುವಲ್ಲಿರುವ ಈ ಊರಿಗೆ ನೀರಿನ ಮೇಲೇ ಹೋಗಬೇಕು. ಆದ್ದರಿಂದ ಮೊದಲು ಹಡಗಿನ ದಿನ ನೋಡಿಕೊಳ್ಳಿ, ವಿಮಾನ ಮತ್ತು ರೂಮು ಆಮೇಲೆ. ಎಷ್ಟೋ ಜನ ಇದನ್ನು ಉಲ್ಟಾ ಮಾಡಿ ತುಲ್ಚಾದಲ್ಲಿ ಒಂದು ದಿನ ಸುಮ್ಮನೆ ಕೂರುತ್ತಾರೆ.

ತುಲ್ಚಾ ಅಂದರೆ ಮುಖಜಭೂಮಿಯ ಬಾಗಿಲು. ಬುಖಾರೆಸ್ಟ್‌ನಿಂದ ಸುಮಾರು 280 ಕಿ.ಮೀ., ಬಸ್ಸಿನಲ್ಲಿ ನಾಲ್ಕೈದು ಗಂಟೆ. ರೈಲು ಇದೆಯಾದರೂ ಸುತ್ತಿ ಬಳಸಿ ಬರುತ್ತದೆ, ಬಸ್ಸೇ ವಾಸಿ. ಬಸ್ ನಿಲ್ದಾಣವೂ ಹಡಗುಕಟ್ಟೆಯೂ ನದೀದಂಡೆಯಲ್ಲೇ ಇರುವುದರಿಂದ ಟ್ಯಾಕ್ಸಿ ಬೇಕಿಲ್ಲ. ನಾವ್ರೋಮ್ ಕಂಪನಿಯ ದೊಡ್ಡ ಹಡಗು ಸಾಮಾನ್ಯವಾಗಿ ಮಧ್ಯಾಹ್ನ ಹೊರಟು ಸಂಜೆ ಮುಟ್ಟುತ್ತದೆ, ಸುಲಿನಾದಿಂದ ಬೆಳಗಿನ ಜಾವವೇ ವಾಪಸ್. ಒಂದೊಂದು ದಿಕ್ಕಿಗೆ ವಾರದ ಕೆಲವೇ ದಿನ ಓಡುತ್ತದೆ, ಚಳಿಗಾಲಕ್ಕೆ ಪಟ್ಟಿ ಬೇರೆ. ದೊಡ್ಡ ಹಡಗಿಗೆ ನಾಲ್ಕು ಗಂಟೆ ಮೇಲೆ ಬೇಕು, ವೇಗದ ದೋಣಿಗೆ ಒಂದೂವರೆ ಗಂಟೆ ಸಾಕು. ಹೋಗುವಾಗ ದೊಡ್ಡ ಹಡಗನ್ನೇ ಹಿಡಿದು ಮೇಲಿನ ಡೆಕ್‌ನಲ್ಲಿ ಕೂರಿ. ವೇಗದ ದೋಣಿಯಲ್ಲಿ ಗಾಳಿ, ಸದ್ದು ಬಿಟ್ಟು ಬೇರೇನೂ ಸಿಗುವುದಿಲ್ಲ. ಕಾರಿನಲ್ಲಿ ಬಂದವರು ಅದನ್ನು ತುಲ್ಚಾದಲ್ಲೇ ಬಿಡಬೇಕು.

ತುಲ್ಚಾದ ಮೇಲುಗಡೆಯೇ ಕಿಲಿಯಾ ಶಾಖೆ ಬೇರೆಯಾಗಿ ಉಕ್ರೇನ್ ಗಡಿಗುಂಟ ಸಾಗುತ್ತದೆ, ನದಿಯ ಹೆಚ್ಚಿನ ನೀರು ಹರಿಯುವುದು ಅದರಲ್ಲೇ. ತುಲ್ಚಾ ದಾಟಿದ ಮೇಲೆ ಉಳಿದ ನೀರು ಸುಲಿನಾ, ಸ್ಫಂತು ಗೆಯೋರ್ಗೆ ಎಂದು ಎರಡಾಗುತ್ತದೆ. ನಡುವಿನ ಸುಲಿನಾ ಶಾಖೆ ಹಿಂದೆ ಹಾವಿನಂತೆ ಹೊರಳುತ್ತಿತ್ತು. 1856ರ ಪ್ಯಾರಿಸ್ ಒಪ್ಪಂದದಿಂದ ಹುಟ್ಟಿದ ಯುರೋಪಿಯನ್ ಡ್ಯಾನ್ಯೂಬ್ ಆಯೋಗ ಇಲ್ಲಿ ಠಾಣೆ ಹೂಡಿತು. ಚಾರ್ಲ್ಸ್ ಹಾರ್ಟ್ಲಿ ಎಂಬ ಇಂಗ್ಲಿಷ್ ಎಂಜಿನಿಯರ್ ಮೊದಲು ನದಿಯ ಬಾಯಿಯ ಎರಡೂ ಬದಿಗೆ ಕಲ್ಲಿನ ಒಡ್ಡು ಕಟ್ಟಿ ಆಳ ಹೆಚ್ಚಿಸಿದ. ಮುಂದೆ ಆಯೋಗ ತಿರುವುಗಳನ್ನು ಕಡಿದು ನೇರ ಮಾಡಿತು, ಎಂಬತ್ತು ಕಿ.ಮೀ. ಮೀರಿದ್ದ ದಾರಿ ಅರವತ್ತರ ಚಿಲ್ಲರೆಗೆ ಇಳಿಯಿತು. ದಂಡೆಯ ಫಲಕಗಳಲ್ಲಿ ಬರೆದಿರುವುದು ನಾವಿಕ ಮೈಲಿ, ಎಣಿಕೆ ಶುರುವಾಗುವುದು ಸುಲಿನಾದ ಸೊನ್ನೆಯಿಂದ. ಮೀಲಾ 23 ಅನ್ನುವ ಹಳ್ಳಿಯ ಹೆಸರು ಬಂದದ್ದೂ ಈ ಲೆಕ್ಕದಿಂದಲೇ, ಆದರೆ ಕಾಲುವೆ ನೇರವಾದ ಮೇಲೆ ಆ ಹಳ್ಳಿ ಹಳೆಯ ಡ್ಯಾನ್ಯೂಬಿನ ಪಕ್ಕಕ್ಕೆ ಉಳಿದುಬಿಟ್ಟಿತು. ಕ್ರಿಶಾನ್ ಹತ್ತಿರ 13ನೇ ಮೈಲಿಯಲ್ಲಿ ಕಾಣುವ ಸ್ತಂಭ ಈ ಕೆಲಸದ ನೆನಪಿಗೆ 1894ರಲ್ಲಿ ನಿಂತದ್ದು.

ಊರಿನಲ್ಲಿ ದಾರಿ ತಪ್ಪುವ ಭಯವಿಲ್ಲ. ನದಿಗೆ ಸಮಾನಾಂತರವಾಗಿ ಒಂದರಿಂದ ಆರರವರೆಗೆ ಬೀದಿಗಳು, ಹೆಸರೂ ಸಂಖ್ಯೆಯೇ. ಒಂದನೇ ಬೀದಿ ಹಡಗುಕಟ್ಟೆಯದು, ಹೋಟೆಲುಗಳೆಲ್ಲ ಅಲ್ಲೇ. 1870ರ ಸುಮಾರಿಗೆ ಸಮುದ್ರದಂಚಿನಲ್ಲಿದ್ದ ಹಳೆಯ ದೀಪಸ್ತಂಭ ಈಗ ಮನೆಗಳ ನಡುವೆ ನಿಂತಿದೆ. ನದಿ ತಂದು ಸುರಿಯುವ ಹೂಳಿಗೆ ಕಡಲು ಅಷ್ಟು ಹಿಂದೆ ಸರಿದಿದೆ. ದೀಪಸ್ತಂಭ ಈಗ ವಸ್ತುಸಂಗ್ರಹಾಲಯ, ಸೋಮವಾರ ಬಿಟ್ಟು ಬೇರೆ ದಿನ ಹೋಗಿ.

1870ರಿಂದ 1931ರವರೆಗೆ ಇದು ಸುಂಕವಿಲ್ಲದ ಬಂದರು. ಹತ್ತೊಂಬತ್ತನೇ ಶತಮಾನದ ಕೊನೆಯ ಒಂದು ಲೆಕ್ಕದಲ್ಲಿ 4,889 ಜನ: ಗ್ರೀಕರು 2,056, ರೊಮೇನಿಯನ್ನರು 803, ರಷ್ಯನ್ನರು 594, ಆರ್ಮೇನಿಯನ್ನರು 444. ಆಮೇಲೆ ತುರ್ಕರು, ಯಹೂದಿಗಳು, ಅಲ್ಬೇನಿಯನ್ನರು, ಇಂಗ್ಲಿಷರು. ಪಟ್ಟಿಯ ತಳದಲ್ಲಿ ನಾಲ್ವರು ಭಾರತೀಯರೂ ಇದ್ದಾರೆ! ಈಗ ಊರಿನಲ್ಲಿರುವುದು ಮೂರು ಸಾವಿರದ ಆಸುಪಾಸು, ಹೆಚ್ಚಿನವರು ರೊಮೇನಿಯನ್ನರು, ಜೊತೆಗೆ ರಷ್ಯಾ ಮೂಲದ ಲಿಪೊವಾನರು, ಉಕ್ರೇನಿಯನ್ನರು, ಒಂದಷ್ಟು ಗ್ರೀಕ್ ಮನೆತನಗಳು. ಆ ಹಳೆಯ ಜನಸಂತೆಯನ್ನು ನೋಡಬೇಕೆಂದರೆ ಸ್ಮಶಾನಕ್ಕೇ ಹೋಗಬೇಕು. ಕಡಲತೀರಕ್ಕೆ ಹೋಗುವ ದಾರಿಯಲ್ಲೇ ಇದೆ. ಆರ್ಥೊಡಾಕ್ಸ್, ಕ್ಯಾಥೊಲಿಕ್, ಪ್ರಾಟೆಸ್ಟೆಂಟ್, ಮುಸ್ಲಿಂ, ಯಹೂದಿ, ಎಲ್ಲರಿಗೂ ಅಲ್ಲಿ ಜಾಗವಿದೆ. ಇಂಗ್ಲಿಷ್ ಕಲ್ಲುಗಳ ನಡುವೆ ಒಬ್ಬ ಹಡಗಿನ ಅಧಿಕಾರಿಯ ಸಮಾಧಿ: 1868ರಲ್ಲಿ ನೀರಿಗೆ ಬಿದ್ದ ಹೆಂಗಸನ್ನು ಉಳಿಸಲು ಹೋಗಿ ತಾನೂ ಮುಳುಗಿದವನು. ಕಡಲತೀರದ ಬಸ್ಸಿನಲ್ಲಿ ಕೂತವರು ಇದನ್ನು ದಾಟಿ ಹೋಗಿಬಿಡುತ್ತಾರೆ. ಹೋಗುವಾಗ ನಡೆದು, ಬರುವಾಗ ಬಸ್ ಹಿಡಿಯಿರಿ.

ಲಿಪೊವಾನರು ಹದಿನೇಳನೇ ಶತಮಾನದಲ್ಲಿ ರಷ್ಯಾದ ಚರ್ಚ್ ತಂದ ಬದಲಾವಣೆ ಒಪ್ಪದೆ, ಕಿರುಕುಳಕ್ಕೆ ಊರು ಬಿಟ್ಟು ಬಂದವರ ವಂಶ. ಇಂದಿಗೂ ಎರಡು ಬೆರಳಲ್ಲೇ ಶಿಲುಬೆಯ ಗುರುತು, ಹಬ್ಬಗಳಿಗೆ ಹಳೆಯ ಜೂಲಿಯನ್ ಪಂಚಾಂಗ. ಅವರ ಚರ್ಚಿಗೆ ಹೋಗುವ ಹೆಂಗಸರು ತಲೆಗೆ ವಸ್ತ್ರ ಮತ್ತು ಉದ್ದ ಲಂಗ, ಗಂಡಸರು ಪೂರ್ತಿ ಪ್ಯಾಂಟು ಹಾಕಿರಬೇಕು. ಕೇಳದೆ ಫೋಟೊ ಹೊಡೆಯಬೇಡಿ.

ಊಟವೆಂದರೆ ಮೀನು. ಮೀನಿನ ಬೋರ್ಶ್‌ನಲ್ಲಿ ಸಾರು ಬೇರೆ, ಬೆಂದ ಮೀನು ಬೇರೆ, ಪಕ್ಕದಲ್ಲಿ ಬೆಳ್ಳುಳ್ಳಿ ನೀರು. ಸ್ಟರ್ಜನ್ ಮೀನು ಹಿಡಿಯುವುದಕ್ಕೆ 2006ರಿಂದ ನಿಷೇಧವಿದೆ. ಸಾಕಿದ್ದಾದರೆ ಸರಿ, 'ನದಿಯಲ್ಲಿ ಹಿಡಿದದ್ದು' ಎಂದು ಪಿಸುಗುಟ್ಟಿದರೆ ಬೇಡವೆನ್ನಿ. ಸಸ್ಯಾಹಾರಿಗಳು 'ದೆ ಪೋಸ್ತ್' ಎಂದು ಕೇಳಬೇಕು. ಅದು ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಯಾವುದೂ ಇರುವುದಿಲ್ಲ. ಆದರೆ ಕೆಲವು ಉಪವಾಸದ ದಿನ ಮೀನಿಗೆ ಅನುಮತಿ ಇರುವುದರಿಂದ ಮೀನು ಬೇಡವೆಂದು ಬಿಡಿಸಿ ಹೇಳಿ. ತರಕಾರಿ ಚೋರ್ಬಾವನ್ನೂ (ಹುಳಿ ಸಾರು) ಮಾಂಸದ ನೀರಿನಲ್ಲಿ ಕುದಿಸಿರಬಹುದು. ಮೆಕ್ಕೆಜೋಳದ ಹಿಟ್ಟಿನ ಮಮಲಿಗಾ ನಮ್ಮ ಮುದ್ದೆಯ ತಮ್ಮನಂತಿರುತ್ತದೆ, ಚೀಸ್ ಮತ್ತು ಹುಳಿ ಕೆನೆಯೊಂದಿಗೆ ಹೊಟ್ಟೆ ತುಂಬುತ್ತದೆ. ಬದನೆಕಾಯಿಯ ಸಲಾಡ್, ತರಕಾರಿಯ ಗೊಜ್ಜಿನಂಥ ಜಕುಸ್ಕಾ ಎಲ್ಲೆಡೆ ಸಿಗುತ್ತವೆ.

ಸಣ್ಣ ದೋಣಿಯಲ್ಲಿ ಲೆತ್ಯಾ ಕಾಡಿಗೆ ಹೋದರೆ ಅರ್ಧ ದಿನ ಬೇಕು. ದೋಣಿ ಹಳ್ಳಿಯವರೆಗೆ ಮಾತ್ರ, ಅಲ್ಲಿಂದ ಗಾಡಿಯಲ್ಲಿ ಮರಳು ದಾರಿ. ಬೇಲಿಯೊಳಗಿನ ಕಟ್ಟುನಿಟ್ಟಿನ ಭಾಗಕ್ಕೆ ಪ್ರವೇಶವಿಲ್ಲ. ಜೀವಗೋಳ ಮೀಸಲಿನ ಪರವಾನಗಿ ಬೇಕು, ಬಾಡಿಗೆಯಲ್ಲಿ ಅದು ಸೇರಿದೆಯೇ, ಗಾಡಿಯ ಹಣ ಬೇರೆಯೇ ಎಂದು ಹತ್ತುವ ಮೊದಲೇ ಕೇಳಿ. ಜಗಳ ಬರುವುದು ಇಲ್ಲೇ. ಪೆಲಿಕನ್ ನೋಡಲು ಮುಸುರಾ ಕೊಲ್ಲಿ ಹತ್ತಿರ, ಆದರೆ ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ. ಆ ಕೊಲ್ಲಿ ಉಕ್ರೇನ್ ಗಡಿಯಲ್ಲಿರುವುದರಿಂದ ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಯುದ್ಧದ ಕಾರಣ ತುಲ್ಚಾ ಜಿಲ್ಲೆಯಲ್ಲಿ ರಾತ್ರಿ ಫೋನಿಗೆ ರೋ-ಅಲರ್ಟ್ ಎಚ್ಚರಿಕೆ ಬರುವುದುಂಟು. ಬಂದರೆ ಒಳಗೇ ಇರಿ, ಉಳಿದುಕೊಂಡ ಮನೆಯವರು ಹೇಳಿದಂತೆ ಮಾಡಿ.

ಮೇ ಕೊನೆಯಿಂದ ಆಗಸ್ಟ್‌ವರೆಗೆ ಸಂಜೆ ಸೊಳ್ಳೆ ವಿಪರೀತ, ತುಂಬುತೋಳಿನ ಅಂಗಿ ತನ್ನಿ. ಸೆಪ್ಟೆಂಬರ್ ಹಿತ. ಲೆಯ್ (ರೊಮೇನಿಯಾದ ಹಣ) ನಗದನ್ನು ತುಲ್ಚಾದಲ್ಲೇ ತೆಗೆದುಕೊಳ್ಳಿ, ದೋಣಿಯವರು ಕಾರ್ಡ್ ತೆಗೆದುಕೊಳ್ಳುತ್ತಾರೆಂದು ನಂಬಬೇಡಿ. 2025ರ ಜನವರಿ 1ರಿಂದ ರೊಮೇನಿಯಾ ಪೂರ್ತಿಯಾಗಿ ಶೆಂಗೆನ್‌ಗೆ ಸೇರಿರುವುದರಿಂದ ಭಾರತದಿಂದ ಬರುವವರಿಗೆ ಶೆಂಗೆನ್ ವೀಸಾ ಬೇಕು. ಜರ್ಮನಿ, ನೆದರ್ಲೆಂಡ್ಸ್ ಕಡೆ ನೆಲೆಸಿರುವ ಕನ್ನಡಿಗರಿಗೆ ಅಲ್ಲಿನ ವಾಸದ ಪರವಾನಗಿಯೇ ಸಾಕು.

ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ. ವಾಪಸಾಗುವ ದಿನವೇ ಬುಖಾರೆಸ್ಟ್‌ನಿಂದ ವಿಮಾನ ಹಿಡಿಯುವ ಸಾಹಸ ಬೇಡ. ಬೆಳಗಿನ ಹಡಗು ಸುಸೂತ್ರವಾಗಿ ಬಂದರೂ ತುಲ್ಚಾ ಮುಟ್ಟುವಾಗ ಮಧ್ಯಾಹ್ನದ ಹತ್ತಿರ, ಅಲ್ಲಿಂದ ಬಸ್ಸು, ಮತ್ತೆ ನಗರದ ಉತ್ತರಕ್ಕಿರುವ ಒತೊಪೆನಿ ವಿಮಾನ ನಿಲ್ದಾಣ. ಅಷ್ಟರಲ್ಲಿ ಕತ್ತಲಾಗಿರುತ್ತದೆ.