ನೀಸ್ ಕಾರ್ನಿವಲ್‌ಗೆ ರೈಲಿನಲ್ಲಿ: ಟಿಕೆಟ್ಟಿನ ಮೇಲಿದ್ದ ಒಂದು ಪದ

ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿ ಪ್ರತಿ ವರ್ಷ ಫೆಬ್ರವರಿಯ ಹೊತ್ತಿಗೆ ನಡೆಯುವ ಕಾರ್ನಿವಲ್ಲಿಗೆ, ಅಂದರೆ ರಥಗಳ ಮೆರವಣಿಗೆಯ ಹಬ್ಬಕ್ಕೆ, ಲಂಡನ್ನಿನಿಂದ ರೈಲಿನಲ್ಲಿಯೇ ಕರೆದೊಯ್ದು, ಜೊತೆಗೊಬ್ಬ ಮಾರ್ಗದರ್ಶಕರನ್ನು ಕೊಟ್ಟು, ಹೋಟೆಲು ಮತ್ತು ಊಟದ ವ್ಯವಸ್ಥೆಯನ್ನೂ ಮಾಡುವ ಪ್ಯಾಕೇಜುಗಳು ಇಲ್ಲಿ ಬ್ರಿಟನ್ನಿನಲ್ಲಿ ಹಲವಾರಿವೆ. 2025ರಲ್ಲಿ ಹಬ್ಬವು ಫೆಬ್ರವರಿ 15ರಿಂದ ಮಾರ್ಚ್ 2ರ ವರೆಗೆ ನಡೆದಾಗ ನಾನು, ನನ್ನ ಯಜಮಾನರು ಮತ್ತು ಬೆಂಗಳೂರಿನಿಂದ ಬಂದಿದ್ದ ಎಪ್ಪತ್ತೆರಡು ವರ್ಷದ ಅತ್ತೆಯವರು ಅಂಥದೊಂದು ಪ್ಯಾಕೇಜಿನಲ್ಲಿ ಆರು ರಾತ್ರಿಗಳ ಪ್ರವಾಸ ಮಾಡಿ ಬಂದೆವು. ಕೊಟ್ಟ ಹಣಕ್ಕೆ ಮೋಸವಾಯಿತೆಂದು ಹೇಳಲಾರೆ. ಆದರೆ ಆ ಹಣ ಯಾವುದಕ್ಕೆ ಸಂದಿತು, ಯಾವುದಕ್ಕೆ ಸಲ್ಲಲಿಲ್ಲ ಎಂಬುದು ಹೊರಡುವ ಮೊದಲೇ ತಿಳಿದಿದ್ದರೆ ಎರಡು ದಿನಗಳ ಸಂಕಟ ತಪ್ಪುತ್ತಿತ್ತು. ಅದೇ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲಿಗೆ ವೀಸಾ. ಭಾರತದ ಪಾಸ್‌ಪೋರ್ಟ್ ಇರುವವರಿಗೆ, ಅವರು ಬ್ರಿಟನ್ನಿನಲ್ಲಿ ಎಷ್ಟೇ ವರ್ಷದಿಂದ ನೆಲೆಸಿದ್ದರೂ, ಫ್ರಾನ್ಸೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾ ಬೇಕೇ ಬೇಕು. ಅದರ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ ಆಗಿದೆ. ಊರಿನಿಂದ ಬರುವ ಹಿರಿಯರನ್ನು ಜೊತೆಗೆ ಕರೆದೊಯ್ಯುವವರು ಒಂದು ವಿಷಯವನ್ನು ಮರೆಯಬಾರದು: ಶೆಂಗೆನ್ ವೀಸಾಕ್ಕೆ ಸಾಮಾನ್ಯವಾಗಿ ತಾವು ವಾಸವಾಗಿರುವ ದೇಶದಲ್ಲಿಯೇ ಅರ್ಜಿ ಹಾಕಬೇಕು, ಆದ್ದರಿಂದ ಲಂಡನ್ನಿಗೆ ಬಂದ ಮೇಲೆ ನೋಡಿಕೊಳ್ಳೋಣವೆಂದು ಕುಳಿತರೆ ಕೆಲಸ ಕೆಡುತ್ತದೆ. ಅತ್ತೆಯವರ ವೀಸಾವನ್ನು ನಾವು ಬೆಂಗಳೂರಿನಲ್ಲಿಯೇ ಮಾಡಿಸಿದ್ದರಿಂದ ತೊಂದರೆಯಾಗಲಿಲ್ಲ. ಫ್ರಾನ್ಸಿನ ಗಡಿ ತಪಾಸಣೆಯು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿಯೇ ಮುಗಿಯುತ್ತದೆ. 2025ರ ಅಕ್ಟೋಬರ್‌ನಿಂದ ಶೆಂಗೆನ್ ಗಡಿಗಳಲ್ಲಿ ಬೆರಳಚ್ಚು ಮತ್ತು ಮುಖಚಿತ್ರ ದಾಖಲಿಸುವ ಹೊಸ ಪದ್ಧತಿ ಆರಂಭವಾಗಿರುವುದರಿಂದ ಈಗ ಹೋಗುವವರು ಇನ್ನಷ್ಟು ಮುಂಚಿತವಾಗಿ ನಿಲ್ದಾಣ ಸೇರುವುದು ಒಳ್ಳೆಯದು.

ಯೂರೋಸ್ಟಾರ್ ರೈಲು ಸಮಯಕ್ಕೆ ಸರಿಯಾಗಿ ಪ್ಯಾರಿಸ್ಸಿನ ಗಾರ್ ದ್ಯು ನೋರ್ ನಿಲ್ದಾಣ ಮುಟ್ಟಿತು. ನೀಸ್‌ಗೆ ಹೋಗುವ ಟಿಜಿವಿ ಎಂಬ ಅತಿವೇಗದ ರೈಲು ಹೊರಡುವುದು ಅಲ್ಲಿಂದಲ್ಲ, ಗಾರ್ ದ ಲಿಯೋನ್ ಎಂಬ ಬೇರೊಂದು ನಿಲ್ದಾಣದಿಂದ. ನಿಲ್ದಾಣದಿಂದ ನಿಲ್ದಾಣಕ್ಕೆ "ಖಾಸಗಿ ಬಸ್ಸಿನ ಸೌಲಭ್ಯ" ಎಂದು ಕರಪತ್ರದಲ್ಲಿ ಹೆಮ್ಮೆಯಿಂದ ಹಾಕಿದ್ದರು. ಮೂವತ್ತನಾಲ್ಕು ಜನರ ನಮ್ಮ ಗುಂಪು ಪೆಟ್ಟಿಗೆಗಳೊಂದಿಗೆ ಪಾದಚಾರಿ ದಾರಿಯಲ್ಲಿ ನಿಂತು ಕಾಯುತ್ತಿದ್ದರೆ, ಆ ಸೌಲಭ್ಯವು ಇಪ್ಪತ್ತೈದು ನಿಮಿಷ ತಡವಾಗಿ ಬಂದಿತು. ಬಂದದ್ದರ ಸಾಮಾನು ಇಡುವ ಕೆಳಗಿನ ಬಾಗಿಲು ಮುಚ್ಚಿಕೊಳ್ಳಲಿಲ್ಲ. ಚಾಲಕ ಅದಕ್ಕೆ ಒಮ್ಮೆ ಮೊಣಕಾಲು ಕೊಟ್ಟು, ಇನ್ನೊಮ್ಮೆ ಬೆನ್ನು ಕೊಟ್ಟು, ಕೊನೆಗೆ ನಮ್ಮ ಗುಂಪಿನ ನಿವೃತ್ತ ಪ್ಲಂಬರೊಬ್ಬರ ಸಹಾಯದಿಂದ ಮುಚ್ಚಿದ. ಅಲ್ಲಿಂದ ರಿಪಬ್ಲಿಕ್ ಚೌಕದ ವರೆಗೆ ಮಜಾಂತಾ ಬೀದಿಯಲ್ಲಿ ಬಸ್ಸು ಚಲಿಸಿತೆನ್ನುವುದಕ್ಕಿಂತ ಆಗಾಗ ಜಾಗ ಬದಲಿಸಿತೆನ್ನುವುದು ಸರಿ. ಬಾಸ್ತೀಯ್ ದಾಟಿ ನಿಲ್ದಾಣ ತಲುಪಿದಾಗ ರೈಲಿಗೆ ಹನ್ನೊಂದು ನಿಮಿಷ ಉಳಿದಿತ್ತು. ಟಿಜಿವಿಯ ಬಾಗಿಲುಗಳು ಹೊರಡುವ ಎರಡು ನಿಮಿಷ ಮೊದಲೇ ಮುಚ್ಚುತ್ತವೆ.

ಓಡಿದೆವು. ನಮ್ಮ ಬೋಗಿ ರೈಲಿನ ಆ ತುದಿಯಲ್ಲಿತ್ತು. ಅತ್ತೆಯವರಿಗೆ ಅಷ್ಟು ದೂರ ಓಡಲಾಗದೆಂದು, ಕಂಡ ಬಾಗಿಲಿನಿಂದ ಹತ್ತಿ ಒಳಗಿನಿಂದಲೇ ನಡೆದು ಹೋಗೋಣವೆಂದು ತೀರ್ಮಾನಿಸಿದೆವು. ಇಲ್ಲಿ ನಾವು ಎಡವಿದ್ದನ್ನು ನೀವು ನೆನಪಿಟ್ಟುಕೊಳ್ಳಬೇಕು: ಟಿಜಿವಿ ಹಲವು ಸಲ ಎರಡು ರೈಲುಗಳನ್ನು ಮೂಗಿಗೆ ಮೂಗು ತಾಗಿಸಿ ಜೋಡಿಸಿದ ಒಂದು ಉದ್ದನೆಯ ರೈಲಾಗಿರುತ್ತದೆ, ಮತ್ತು ಒಂದರಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿಯಿರುವುದಿಲ್ಲ. ನಾವು ಹತ್ತಿದ್ದು ಹಿಂದಿನ ರೈಲು, ನಮ್ಮ ಸೀಟುಗಳಿದ್ದದ್ದು ಮುಂದಿನದರಲ್ಲಿ. ಪೆಟ್ಟಿಗೆ ಎಳೆದುಕೊಂಡು ನಡೆಯುತ್ತಾ ಹೋಗಿ, ಎಂಜಿನ್ನಿನ ಗೋಡೆಗೆ ಮುಖಾಮುಖಿಯಾಗಿ ನಿಂತಾಗಲೇ ಅದು ತಿಳಿದದ್ದು. ಟಿಕೆಟ್ ಪರೀಕ್ಷಕಿ ಅತ್ತೆಯವರಿಗೆ ಮಾತ್ರ ಒಂದು ಖಾಲಿ ಸೀಟು ಹುಡುಕಿಕೊಟ್ಟರು. ನಾವಿಬ್ಬರು ಬಾಗಿಲ ಬಳಿಯ ಮಡಚುವ ಹಲಗೆಯ ಮೇಲೆ, ಶೌಚಾಲಯಕ್ಕೆ ಬರುವವರಿಗೆಲ್ಲ ಎದ್ದು ದಾರಿ ಬಿಡುತ್ತಾ, ಎಕ್ಸಾನ್‌ಪ್ರೊವಾನ್ಸ್ ನಿಲ್ದಾಣದ ವರೆಗೆ ಸುಮಾರು ಮೂರು ಗಂಟೆ ಕುಳಿತೆವು. ಅಲ್ಲಿ ರೈಲು ನಿಂತ ಕೆಲವೇ ನಿಮಿಷಗಳಲ್ಲಿ ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಓಡಿ, ನಮ್ಮ ರೈಲಿಗೆ ಸೇರಿಕೊಂಡೆವು.

ಅಲ್ಲಿಂದ ಮುಂದಿನದು ಮಾತ್ರ ಕೊಟ್ಟ ಹಣಕ್ಕೆ ತಕ್ಕ ಪ್ರಯಾಣ. ಮಾರ್ಸೇಯ್‌ನ ನಂತರ ರೈಲು ಹಳೆಯ ಹಳಿಗಳ ಮೇಲೆ ನಿಧಾನವಾಗುತ್ತದೆ, ಸಾಂ ರಫಾಯೆಲ್ ದಾಟಿದ ಮೇಲೆ ಎಸ್ತೆರೆಲ್ ಬೆಟ್ಟಗಳ ಕೆಂಪು ಬಂಡೆಗಳು ನೇರವಾಗಿ ಸಮುದ್ರಕ್ಕಿಳಿಯುವುದು ಕಾಣುತ್ತದೆ. ನೀಸ್ ಕಡೆಗೆ ಹೋಗುವಾಗ ಸಮುದ್ರವಿರುವುದು ಬಲಕ್ಕೆ. ಗುಂಪಿನ ಟಿಕೆಟ್ಟಿನಲ್ಲಿ ಸೀಟು ಆರಿಸುವ ಅವಕಾಶವಿಲ್ಲವಾದರೂ, ಮೊದಲೇ ಕೇಳಿಕೊಂಡರೆ ಮಾರ್ಗದರ್ಶಕರು ಅದಲುಬದಲು ಮಾಡಿಕೊಡುತ್ತಾರೆ.

ಸ್ವಂತವಾಗಿ ಹೋಗುವವರು ಆ ಬಸ್ಸಿನ ಗೊಡವೆಗೇ ಹೋಗಬೇಕಿಲ್ಲ. ಗಾರ್ ದ್ಯು ನೋರ್‌ನ ಕೆಳಗೇ ಆರ್‌ಇಆರ್ ಡಿ ಎಂಬ ನೆಲದಡಿಯ ರೈಲು ಸಿಗುತ್ತದೆ. ಮಧ್ಯೆ ಶಾತ್ಲೆ ಎಂಬ ಒಂದೇ ನಿಲ್ದಾಣ, ಅದರ ನಂತರದ್ದೇ ಗಾರ್ ದ ಲಿಯೋನ್. ಆ ವರ್ಷ ಅದರ ಟಿಕೆಟ್ಟು 2.50 ಯೂರೋ ಇತ್ತು. ಜೇಬುಗಳ್ಳರ ಕಾಟವಿದೆ, ಪೆಟ್ಟಿಗೆ ದೊಡ್ಡದಿದ್ದರೆ ತಿರುಗುಗೇಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಷ್ಟೇ. ಪ್ಯಾರಿಸ್ಸೇ ಬೇಡವೆನ್ನುವವರು ಯೂರೋಸ್ಟಾರ್‌ನಲ್ಲಿ ಲಿಲ್ ನಗರಕ್ಕೆ ಹೋಗಿ, ಅದೇ ನಿಲ್ದಾಣದಲ್ಲಿ ದಕ್ಷಿಣಕ್ಕೆ ಹೋಗುವ ಟಿಜಿವಿ ಹಿಡಿಯಬಹುದು.

ಹೋಟೆಲಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. "ಸಮುದ್ರಕ್ಕೆ ಸಮೀಪ" ಎಂದದ್ದು ರೈಲು ನಿಲ್ದಾಣಕ್ಕೆ ಸಮೀಪವೆಂದು ಅರ್ಥವಾಯಿತು, ಸಮುದ್ರಕ್ಕೆ ಇಪ್ಪತ್ತು ನಿಮಿಷ ನಡೆಯಬೇಕು. ನಗರದ ವಾಸ್ತವ್ಯ ತೆರಿಗೆಯನ್ನು ಹೋಟೆಲಿನಲ್ಲಿ ಬೇರೆಯಾಗಿ ಕಟ್ಟಿಸಿಕೊಂಡರು.

ಈಗ ಆ ಪದಕ್ಕೆ ಬರುತ್ತೇನೆ. ಪ್ಯಾಕೇಜಿನಲ್ಲಿ "ಕಾರ್ನಿವಲ್ ಪ್ರವೇಶ ಸೇರಿದೆ" ಎಂದಿತ್ತು, ಪಕ್ಕದಲ್ಲಿ ಕುರ್ಚಿಗಳಲ್ಲಿ ಕುಳಿತು ಹೂ ಹಿಡಿಯುತ್ತಿರುವ ಜನರ ಚಿತ್ರವಿತ್ತು. ಎರಡನೆಯ ದಿನ ಸಂಜೆ ಹೋಟೆಲಿನಲ್ಲಿ ಹಂಚಿದ ಟಿಕೆಟ್ಟಿನ ಮೇಲೆ "ಪ್ರೊಮನ್ವಾರ್" ಎಂದು ಮುದ್ರಿಸಿತ್ತು. ಅದರರ್ಥ ನಿಂತು ನೋಡುವ ಜಾಗ. ಕುಳಿತು ನೋಡುವ ಮೆಟ್ಟಿಲುಗಳಿಗೆ "ತ್ರಿಬ್ಯೂನ್" ಎನ್ನುತ್ತಾರೆ, ಅದರ ಬೆಲೆ ಹೆಚ್ಚು. ಕೊನೆಯ ಗಳಿಗೆಯಲ್ಲಿ ವ್ಯತ್ಯಾಸ ಕಟ್ಟುತ್ತೇವೆಂದರೂ ಅಂದಿನ ರಾತ್ರಿಗೆ ಸೀಟು ಉಳಿದಿರಲಿಲ್ಲ.

ಮಸೇನಾ ಚೌಕದಲ್ಲಿ, ಕೆಂಪು ಕಟ್ಟಡಗಳ ನಡುವೆ, ಕಪ್ಪು ಬಿಳಿ ಚೌಕುಳಿಯ ನೆಲದ ಮೇಲೆ, ಬ್ಯಾಗುಗಳ ತಪಾಸಣೆಯ ಸಾಲು ಮುಗಿಸಿ ಕಬ್ಬಿಣದ ಬೇಲಿಯ ಹಿಂದೆ ನಿಂತೆವು. ಎತ್ತರದ ಕಂಬಗಳ ಮೇಲೆ ಮಂಡಿಯೂರಿ ಕುಳಿತ ಏಳು ಮನುಷ್ಯಾಕೃತಿಗಳು ಬಣ್ಣ ಬದಲಿಸುತ್ತಾ ಹೊಳೆಯುತ್ತಿದ್ದವು. ಅಲ್ಲಿ ಕುಳಿತವರು ಅವು ಮಾತ್ರ. ಆ ವರ್ಷದ ವಿಷಯ "ಸಾಗರಗಳ ರಾಜ" ಎಂದಿದ್ದರಿಂದ, ನಮ್ಮ ದಸರೆಯ ಸ್ತಬ್ಧಚಿತ್ರಗಳು ಆನೆಯ ಎತ್ತರವನ್ನು ಮೀರಿ ಬೆಳೆದು ಗೊಂಬೆಗಳ ಕೈಕಾಲು ಕಣ್ಣುಗಳೆಲ್ಲ ಆಡತೊಡಗಿದರೆ ಹೇಗೋ ಹಾಗೆ, ಸಮುದ್ರದ ಜೀವಿಗಳು ಮತ್ತು ರಾಜ ರಾಣಿಯರು ರಥಗಳ ಮೇಲೆ ತೇಲಿಬಂದರು. ನೋಡಲು ಸೊಗಸಾಗಿತ್ತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಐದಡಿ ಒಂದಂಗುಲ, ಮುಂದೆ ಹೆಗಲ ಮೇಲೆ ಮಕ್ಕಳನ್ನು ಹೊತ್ತ ಅಪ್ಪಂದಿರು. ನಾನು ಕಂಡದ್ದು ರಥಗಳ ಮೇಲರ್ಧ.

ಜೊತೆಗೆ ಅಲ್ಲಿನ ಮಕ್ಕಳೆಲ್ಲರ ಕೈಯಲ್ಲಿ ನೊರೆಯ ದಾರ ಚಿಮ್ಮುವ ಡಬ್ಬಿಗಳಿರುತ್ತವೆ. ನೀಸ್ ಕಾರ್ನಿವಲ್ಲಿನ ಹಳೆಯ ಕಾಲದಲ್ಲಿ ಒಬ್ಬರ ಮೇಲೊಬ್ಬರು ಸುಣ್ಣದಂಥ ಪ್ಲಾಸ್ಟರಿನ ಉಂಡೆಗಳನ್ನೇ ಎರಚುತ್ತಿದ್ದರಂತೆ, ಜನರು ತಂತಿಯ ಮುಖಕವಚ ಹಾಕಿಕೊಂಡು ಬರುತ್ತಿದ್ದರಂತೆ. ಕಾಗದದ ಚೂರುಗಳು ಬಂದದ್ದು ಆಮೇಲೆ. ಆ ಪರಂಪರೆಯ ವಾರಸುದಾರನೊಬ್ಬ ಹುಡುಗ ಅತ್ತೆಯವರ ಉಣ್ಣೆಯ ಶಾಲಿನ ಮೇಲೆ ಹಸಿರು ದಾರವನ್ನು ಮೂರು ಸುತ್ತು ಹಾಕಿದ. ಅವರು ತಿರುಗಿ, "ಸಾಕು ನಿಲ್ಲಿಸೋ ಮರೀ, ಒಗೆಯೋರು ಯಾರು?" ಎಂದರು. ಏನು ತಿಳಿಯಿತೋ, ಅವನು ನಿಲ್ಲಿಸಿದ. ಒಂದೂವರೆ ಗಂಟೆಯ ನಂತರ ಅತ್ತೆಯವರ ಮಂಡಿ ನೋವು ಹೆಚ್ಚಾಗಿ ನಾವು ಹೊರಬಂದೆವು. ವಯಸ್ಸಾದವರಿದ್ದರೆ, ಅಥವಾ ನನ್ನ ಹಾಗೆ ನೂಕುನುಗ್ಗಲು ಕಂಡರೆ ಉಸಿರು ಕಟ್ಟುವವರಾದರೆ, ತ್ರಿಬ್ಯೂನ್ ಇಲ್ಲದ ಪ್ಯಾಕೇಜನ್ನು ಕೊಳ್ಳಬೇಡಿ. ಅಂಥದು ಸಿಗದಿದ್ದರೆ ರಾತ್ರಿಯ ಮೆರವಣಿಗೆಯ ತ್ರಿಬ್ಯೂನ್ ಟಿಕೆಟ್ಟನ್ನು ಬೇರೆಯಾಗಿ ಕೊಂಡುಕೊಳ್ಳಿ.

ಚಿತ್ರದಲ್ಲಿದ್ದ ಹೂವಿನ ಕಾಳಗಕ್ಕೆ ಮಾತ್ರ ಕುರ್ಚಿ ದೊರೆಯಿತು. 1876ರಲ್ಲಿ ಆರಂಭವಾದ ಈ ಕಾಳಗ ಹಗಲಿನಲ್ಲಿ, ಸಮುದ್ರದ ದಂಡೆಯ ಪ್ರೊಮನಾಡ್ ದೆಜಾಂಗ್ಲೆ ರಸ್ತೆಯಲ್ಲಿ ನಡೆಯುತ್ತದೆ. ರಥಗಳ ಮೇಲಿನ ಹುಡುಗಿಯರು ಹಳದಿ ಮಿಮೋಸಾ ಗೊಂಚಲುಗಳನ್ನು ಜನರ ಕಡೆಗೆ ಎಸೆಯುತ್ತಾರೆ. ಮಿಮೋಸಾ ನಮ್ಮ ಜಾಲಿಯ ಬಳಗದ್ದೇ ಮರ, ಆಸ್ಟ್ರೇಲಿಯಾದಿಂದ ಬಂದು ಈ ಬೆಟ್ಟಗಳಲ್ಲಿ ನೆಲೆಯೂರಿದ್ದು. ಅತ್ತೆಯವರು ಒಂದು ಮಡಿಲು ತುಂಬ ಸಂಪಾದಿಸಿ ಕೋಣೆಯಲ್ಲಿ ನೀರಿನ ಲೋಟಕ್ಕಿಟ್ಟರು, ನನ್ನ ಯಜಮಾನರು ರಾತ್ರಿಯಿಡೀ ಸೀನಿದರು. ಎರಡರಲ್ಲಿ ಒಂದನ್ನೇ ನೋಡುವಷ್ಟು ಹಣವಿದ್ದರೆ ಇದನ್ನೇ ನೋಡಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಪ್ಯಾಕೇಜಿನ ರಾತ್ರಿಯೂಟವೆಂದರೆ ಮೂರು ರಾತ್ರಿ ಆಮ್ಲೆಟ್. ಅತ್ತೆಯವರು ಮೊಟ್ಟೆಯನ್ನೂ ತಿನ್ನುವುದಿಲ್ಲವಾದ್ದರಿಂದ ಅವರಿಗೆ ಮೂರು ರಾತ್ರಿ ಎಲೆಗಳು. ಹೊರಗೆ ತಿನ್ನುವಾಗಲೂ ಎಚ್ಚರ ಬೇಕು: ಬರಿಯ ಈರುಳ್ಳಿಯ ರೊಟ್ಟಿಯಂತೆ ಕಾಣುವ ಪಿಸ್ಸಲಾದಿಯೇರ್‌ನಲ್ಲಿ ಸಣ್ಣ ಮೀನು ಇರುತ್ತದೆ, ಪಾಂ ಬಾಞಾ ಎಂಬ ಬನ್ನಿನಲ್ಲಿಯೂ ಮೀನೇ, ಸೊಪ್ಪು ದ್ರಾಕ್ಷಿ ತುಂಬಿದ ಸಿಹಿ ಕಡುಬಿನಂಥ ತೂರ್ತ್ ದ ಬ್ಲೆತ್‌ನಲ್ಲಿ ಮೊಟ್ಟೆ.

ನಮ್ಮನ್ನು ಕಾಪಾಡಿದ್ದು ಸೊಕ್ಕಾ. ಹೆಸರಿನಲ್ಲಿ ಸೊಕ್ಕಿದೆಯೇ ಹೊರತು ಇಷ್ಟು ವಿನಯದ ತಿಂಡಿ ಇನ್ನೊಂದಿಲ್ಲ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಬಂದರಿನ ಹಿಂದಿನ ಬಾವಾಸ್ತ್ರೋ ಬೀದಿಯಲ್ಲಿ 1923ರಿಂದ ಇರುವ ಶೇ ಪಿಪೋ ಎಂಬ ಅಂಗಡಿಯ ಮುಂದೆ ಸಾಲು ನಿಂತು ಒಳಗೆ ಹೋದರೆ, ಸೌದೆಯ ಒಲೆಯ ಬಾಯಿಂದ ಬಂಡಿಯ ಚಕ್ರದಷ್ಟು ಅಗಲದ ತಾಮ್ರದ ತಟ್ಟೆಯನ್ನು ಎಳೆಯುತ್ತಾರೆ. ಹಿಟ್ಟು ಅದರ ಮೇಲೆ ಪೇಪರ್ ದೋಸೆಗಿಂತ ದಪ್ಪವಾಗಿ, ಸೆಟ್ ದೋಸೆಗಿಂತ ತೆಳುವಾಗಿ ಹರಡಿರುತ್ತದೆ. ಅಂಚು ಕರಿದಂತೆ ಗರಿಗರಿ, ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ, ನಡುವೆ ಮಾತ್ರ ಮೆತ್ತಗೆ. ಅದನ್ನು ಕತ್ತರಿಸುವುದಿಲ್ಲ, ಕೆರೆದು ಚೂರು ಮಾಡಿ ತಟ್ಟೆಗೆ ಹಾಕುತ್ತಾರೆ. ಮೇಲೆ ಕರಿಮೆಣಸಿನ ಪುಡಿಯನ್ನು ಧಾರಾಳವಾಗಿ ಉದುರಿಸಿಕೊಂಡು, ಬಿಸಿಯಿರುವಾಗಲೇ, ಕೈಯಲ್ಲಿ ತಿನ್ನಬೇಕು. ಐದು ನಿಮಿಷ ಬಿಟ್ಟರೆ ಚರ್ಮದಂತಾಗುತ್ತದೆ. ಒಂದು ತಟ್ಟೆಗೆ ಮೂರ್ನಾಲ್ಕು ಯೂರೋ. ಅತ್ತೆಯವರು ಮೊದಲ ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದಕ್ಕೆ ಒಂಚೂರು ಓಮ, ಹಸಿಮೆಣಸಿನಕಾಯಿ ಬಿದ್ದಿದ್ದರೆ..." ಎಂದವರು ವಾಕ್ಯ ಮುಗಿಸದೆ ಎರಡನೆಯ ತಟ್ಟೆ ಹೇಳಿಸಿದರು. ಉಳಿದ ದಿನಗಳಲ್ಲಿ ಹಣ ಕೊಟ್ಟಾಗಿದ್ದ ಹೋಟೆಲಿನ ಊಟವನ್ನು ಬಿಟ್ಟು ಮತ್ತೆರಡು ಸಲ ಅಲ್ಲಿಗೇ ಹೋದೆವು.

ಮಾಂತೋನ್ ಊರಿನ ನಿಂಬೆ ಹಬ್ಬವೂ ಇದೇ ದಿನಗಳಲ್ಲಿ ನಡೆಯುತ್ತದೆ. ನಮ್ಮ ಪ್ಯಾಕೇಜಿನಲ್ಲಿ ಅದು ಹೆಚ್ಚುವರಿ ಹಣದ ಬಸ್ ಪ್ರವಾಸವಾಗಿತ್ತು. ಬಸ್ಸಿನ ಮೇಲೆ ನಮಗಾಗಲೇ ವೈರಾಗ್ಯ ಬಂದಿದ್ದುದರಿಂದ ಸ್ಥಳೀಯ ರೈಲಿನಲ್ಲಿ ಹೋದೆವು, ಸುಮಾರು ನಲವತ್ತು ನಿಮಿಷ. ಫಲಕದಲ್ಲಿ ಮಾಂತೋನ್ ಎಂದು ಹುಡುಕಬೇಡಿ, ರೈಲು ಇಟಲಿಯ ಗಡಿಯಾಚೆಯ ವೆಂತಿಮಿಲ್ಯಾಗೆ ಹೋಗುವಂಥದ್ದು, ಫ್ರೆಂಚರು ಅದನ್ನು ವಾಂತಿಮೀಯ್ ಎಂದು ಬರೆದಿರುತ್ತಾರೆ. ಇದರಲ್ಲಿಯೂ ಬಲಗಡೆ ಕುಳಿತುಕೊಳ್ಳಿ. ಸುಮಾರು 140 ಟನ್ ನಿಂಬೆ ಕಿತ್ತಳೆಗಳಿಂದ ಕಟ್ಟಿದ ಆಕೃತಿಗಳ ಹತ್ತಿರ ಹೋಗಿ ನೋಡಿದರೆ ಪ್ರತಿಯೊಂದು ಹಣ್ಣನ್ನೂ ಒಂದೊಂದು ರಬ್ಬರ್ ಬ್ಯಾಂಡಿನಿಂದ ತಂತಿಯ ಬಲೆಗೆ ಬಿಗಿದಿರುವುದು ಕಾಣುತ್ತದೆ. ಭಾನುವಾರ ಹೋಗಬೇಡಿ, ಹಿಂತಿರುಗುವ ರೈಲಿನಲ್ಲಿ ಕಾಲೂರಲು ಜಾಗವಿರುವುದಿಲ್ಲ. ಮೊನಾಕೊಗೆ ಹೋಗಿದ್ದೆವು, ಹೇಳುವಂಥದ್ದೇನೂ ಇಲ್ಲ.

ಇನ್ನೊಂದು ಎಚ್ಚರಿಕೆ ತಾರೀಕಿನದು. ಹಬ್ಬದ ಮುಕ್ತಾಯದಲ್ಲಿ ಕಾರ್ನಿವಲ್ ರಾಜನ ಪ್ರತಿಮೆಯನ್ನು ಸಮುದ್ರದ ಮೇಲೆ ಸುಟ್ಟು ಬಾಣಬಿರುಸು ಹಾರಿಸುವುದು ಇಲ್ಲಿನ ಸಂಪ್ರದಾಯ, ಕರಪತ್ರದ ಮೊದಲ ಪುಟದಲ್ಲಿಯೇ ಅದರ ವರ್ಣನೆಯಿತ್ತು. ಆ ವರ್ಣನೆ ಹಬ್ಬದ್ದೇ ಹೊರತು ನಮ್ಮ ಪ್ರವಾಸದ್ದಲ್ಲ. ರಾಜ ಉರಿಯುವ ಹೊತ್ತಿಗೆ ನಾವು ಲಂಡನ್ನಿನಲ್ಲಿದ್ದೆವು. ಅದನ್ನೇ ನೋಡಬೇಕೆನ್ನುವವರು ಕೊನೆಯ ವಾರದ ಪ್ಯಾಕೇಜನ್ನು ಕೇಳಿ ಪಡೆಯಬೇಕು.

ಮಾರ್ಗದರ್ಶಕರನ್ನು ನಾನು ದೂರುವುದಿಲ್ಲ. ಬರುವಾಗ ನೀಸ್‌ನಿಂದ ಹೊರಟ ಟಿಜಿವಿ ನಲವತ್ತು ನಿಮಿಷ ತಡವಾದಾಗ, ಯೂರೋಸ್ಟಾರ್ ತಪ್ಪಿದರೆ ಮುಂದಿನ ರೈಲಿನಲ್ಲಿ ಎಲ್ಲರಿಗೂ ಜಾಗ ಮಾಡಿಸುವ ಏರ್ಪಾಡಿಗಾಗಿ ಅವರು ದಾರಿಯುದ್ದಕ್ಕೂ ಫೋನಿನಲ್ಲಿಯೇ ಇದ್ದರು. ಒಬ್ಬರೇ ಹೋಗಿದ್ದರೆ ಆ ತಲೆನೋವು ನಮ್ಮದಾಗುತ್ತಿತ್ತು. ಆದರೆ ಗಾರ್ ದ ಲಿಯೋನ್‌ನಲ್ಲಿ ಇಳಿದಾಗ ಅದೇ ಸಂಸ್ಥೆಯ ಬಸ್ಸು ಕಾದಿದೆಯೆಂದು ಅವರು ಹೇಳಿದ ಕೂಡಲೇ ಅತ್ತೆಯವರು ತಮ್ಮ ಪೆಟ್ಟಿಗೆಯ ಹಿಡಿ ಎತ್ತಿಕೊಂಡು ನೆಲದಡಿಯ ರೈಲಿನ ಫಲಕದ ಕಡೆಗೆ ನಡೆಯತೊಡಗಿದರು. ನಾವು ಗಾರ್ ದ್ಯು ನೋರ್ ತಲುಪಿ, ಮಾಂತೋನ್‌ನಲ್ಲಿ ಕೊಂಡಿದ್ದ ಕಿತ್ತಳೆಗಳನ್ನು ಸುಲಿದು ತಿಂದು, ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಿ ಬಂದ ಎಷ್ಟೋ ಹೊತ್ತಿನ ನಂತರ ಗುಂಪಿನವರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಸಾಮಾನಿನ ಬಾಗಿಲು ಈ ಸಲ ತೆರೆದುಕೊಳ್ಳಲಿಲ್ಲವಂತೆ.