ತರವಾಡು ಮನೆಯ ಕಂಬ ಮತ್ತು 16ನೇ ವಿಧಿ

ಕಾಸರಗೋಡಿನ ನಮ್ಮ ತರವಾಡು ಮನೆಯಲ್ಲಿ, ಅಂದರೆ ತಾಯಿಯ ಕಡೆಯ ಮೂಲಮನೆಯಲ್ಲಿ, ವರ್ಷಕ್ಕೊಮ್ಮೆ ದೈವಗಳ ಪೂಜೆಯಾದ ತಂಬಿಲ ನಡೆಯುವಾಗ ಪ್ರಸಾದ ಮೊದಲು ಸಲ್ಲುವುದು ಅಜ್ಜಿಯ ತಮ್ಮನಿಗೆ. ನನ್ನ ತಂದೆಯವರು ಮದುವೆಯಿಂದ ಆ ಮನೆಗೆ ಸಂಬಂಧಿಗಳಾದವರಾದ್ದರಿಂದ ಚಾವಡಿಯ ಕಂಬಕ್ಕೊರಗಿ ಸರದಿ ಕಾಯುತ್ತಾರೆ. ಸಾಂಪ್ರದಾಯಿಕ ಕುಟುಂಬವನ್ನು ಅಂತರರಾಷ್ಟ್ರೀಯ ಕಾನೂನು ಕಾಪಾಡಬೇಕೆಂಬ ವಾದವನ್ನು ಓದಿದಾಗಲೆಲ್ಲ ನನಗೆ ಆ ಕಂಬ ನೆನಪಾಗುತ್ತದೆ.

ವಾದವನ್ನು ನಾನು ಒಪ್ಪುತ್ತೇನೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 16ನೇ ವಿಧಿಯು ಕುಟುಂಬವನ್ನು ಸಮಾಜದ ಸಹಜವೂ ಮೂಲಭೂತವೂ ಆದ ಘಟಕವೆಂದು ಕರೆದು, ಅದಕ್ಕೆ ಸಮಾಜದ ಮತ್ತು ಪ್ರಭುತ್ವದ ರಕ್ಷಣೆ ಸಲ್ಲಬೇಕೆನ್ನುತ್ತದೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿಯದೂ ಅದೇ ಮಾತು. ಆದರೆ ಈ ವಿಧಿಗಳ ಪರವಾಗಿ ಮಾತನಾಡುವವರಲ್ಲಿ ಹಲವರು ತಂದೆ, ತಾಯಿ, ಮಕ್ಕಳು ಇಷ್ಟನ್ನೇ ಕುಟುಂಬವೆಂದು ಎಣಿಸುವುದು ನನಗೆ ಸರಿಕಾಣುವುದಿಲ್ಲ. ಹಾಗೆ ನೋಡಿದರೆ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 5ನೇ ವಿಧಿ ಹೆಚ್ಚು ಉದಾರವಾದುದು: ಸ್ಥಳೀಯ ಪದ್ಧತಿ ಇರುವಲ್ಲಿ ವಿಸ್ತೃತ ಕುಟುಂಬದ ಹೊಣೆಯನ್ನೂ ಹಕ್ಕನ್ನೂ ಗೌರವಿಸಬೇಕೆಂದು ಅದು ಹೇಳುತ್ತದೆ. ನನ್ನ ಶಾಲೆಯ ಫೀಸು ಕಟ್ಟಿದ ಸೋದರಮಾವ ಅಲ್ಲಿ ಲೆಕ್ಕಕ್ಕೆ ಬರುತ್ತಾರೆ.

ಕೇರಳದ ಅವಿಭಕ್ತ ಕುಟುಂಬ ಪದ್ಧತಿ ರದ್ದತಿ ಕಾಯ್ದೆಯು 1976ರಲ್ಲಿ ಜಾರಿಗೆ ಬಂದು, ತಾಯಿಯ ಕಡೆಯಿಂದ ವಂಶವೂ ಆಸ್ತಿಯೂ ಸಾಗುವ ಅಳಿಯಕಟ್ಟಿನ ಕೂಡು ಆಸ್ತಿಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾಲು ಕೊಟ್ಟಿತು. ಯಜಮಾನಿಕೆಯ ದರ್ಬಾರನ್ನು ಸಹಿಸಿಕೊಂಡಿದ್ದವರು ಆ ಕಾಯ್ದೆಯನ್ನು ಸ್ವಾಗತಿಸಿದರು, ಅಜ್ಜಿಯೂ ಅವರಲ್ಲೊಬ್ಬರು. ಪಾಲುಪತ್ರವಾದ ಮೇಲೂ ತಂಬಿಲದ ದಿನ ಎಲ್ಲರೂ ಬರುತ್ತಾರೆ, ಎಲೆ ಹಾಕುವ ಮುನ್ನ ಅಜ್ಜಿ ಈಗಲೂ ತಲೆ ಎಣಿಸುತ್ತಾರೆ.