ಆಸ್ತಿ ಎಷ್ಟೆಂದು ಕೇಳದ ಘೋಷಣೆ

ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಯ ಸದಸ್ಯರಾದವರು 28 ದಿನಗಳೊಳಗೆ ತಮ್ಮ ಹಣಕಾಸಿನ ಹಿತಾಸಕ್ತಿಗಳನ್ನು ಬರೆದುಕೊಡಬೇಕೆಂದು 2011ರ ಲೋಕಲಿಸಂ ಕಾಯ್ದೆ ವಿಧಿಸುತ್ತದೆ. ನಾನು ಸದಸ್ಯನಾಗಿರುವುದು ಪ್ಯಾರಿಷ್ ಕೌನ್ಸಿಲ್ ಎಂಬ ಅತ್ಯಂತ ಕೆಳಹಂತದ ಸಂಸ್ಥೆಯಲ್ಲಿ. ನಮ್ಮ ಗ್ರಾಮ ಪಂಚಾಯಿತಿಗಿರುವಷ್ಟು ಅಧಿಕಾರವೂ ಅದಕ್ಕಿಲ್ಲ. ಆಟದ ಮೈದಾನ, ಸ್ಮಶಾನ, ಬಸ್ ತಂಗುದಾಣ, ಊರಿನವರಿಗೆ ಬಾಡಿಗೆಗೆ ಕೊಡುವ ತರಕಾರಿ ಮಡಿಗಳು, ಇಂಥವುಗಳ ಉಸ್ತುವಾರಿಯೇ ಅದರ ಮುಖ್ಯ ಕೆಲಸ. ಕಾಮನ್‌ವೆಲ್ತ್ ದೇಶದ ಪ್ರಜೆಗೆ ಇಲ್ಲಿ ಕಾಯಂ ವಾಸದ ಅನುಮತಿ ಇದ್ದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಂಥ ಸಂಸ್ಥೆಗೆ ಸದಸ್ಯನಾಗಬಹುದೆಂಬುದು ಊರಿನಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿ. ಸಂಸ್ಥೆ ಎಷ್ಟೇ ಚಿಕ್ಕದಾಗಿರಲಿ, ಘೋಷಣೆಯ ಮಟ್ಟಿಗೆ ಲಂಡನ್ನಿನ ದೊಡ್ಡ ಕೌನ್ಸಿಲ್‌ಗೂ ನಮಗೂ ಕಾನೂನು ಒಂದೇ.

ಮಂಡ್ಯದಲ್ಲಿ ಒಂದು ಅವಧಿಗೆ ನಗರಸಭೆಯ ಸದಸ್ಯರಾಗಿದ್ದ ನಮ್ಮ ಭಾವನವರಿಗೆ ನಾನು ತುಂಬಿದ ನಮೂನೆಯನ್ನು ವಿಡಿಯೋ ಕರೆಯಲ್ಲಿ ತೋರಿಸಿದಾಗ ಅವರು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿಸಿಕೊಂಡು, "ಅಲ್ಲ ಕಣಪ್ಪ, ಚಿನ್ನ ಎಷ್ಟಿದೆ, ಬ್ಯಾಂಕಲ್ಲಿ ಎಷ್ಟಿದೆ ಅಂತ ಬರೆಯಕ್ಕೆ ಜಾಗನೇ ಇಲ್ವಲ್ಲ, ಇದ್ಯಾವ ಸೀಮೆ ಘೋಷಣೆ?" ಎಂದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮಲ್ಲಿ ಘೋಷಣೆ ಎಂದರೆ ಆಸ್ತಿಯ ಪಟ್ಟಿ. ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ಹೆಂಡತಿಯ ಬಳೆಯ ತೂಕದವರೆಗೆ ಎಲ್ಲವೂ ಬರುತ್ತದೆ. ಇಲ್ಲಿನ ನಮೂನೆಗೆ ನಾನು ಎಷ್ಟು ಸಿರಿವಂತನೆಂಬುದು ಬೇಕಾಗಿಯೇ ಇಲ್ಲ. ನಾಳೆ ಸಭೆಯಲ್ಲಿ ಯಾವ ವಿಷಯ ಬಂದಾಗ ನಾನು ಬಾಯಿ ಮುಚ್ಚಿಕೊಂಡು ಎದ್ದು ಹೋಗಬೇಕು ಎಂಬುದಷ್ಟೇ ಅದಕ್ಕೆ ಬೇಕು.

2012ರ ನಿಯಮಗಳಲ್ಲಿ ಘೋಷಿಸಬೇಕಾದ ಬಾಬತ್ತುಗಳು ಹೀಗಿವೆ: ಉದ್ಯೋಗ ಅಥವಾ ವ್ಯಾಪಾರ, ಚುನಾವಣಾ ಖರ್ಚಿಗೆ ಅಥವಾ ಸದಸ್ಯತ್ವದ ಕೆಲಸಕ್ಕೆ ಹೊರಗಿನವರಿಂದ ಬಂದ ಹಣ, ಕೌನ್ಸಿಲ್ ಜೊತೆಗಿನ ಗುತ್ತಿಗೆ, ಕೌನ್ಸಿಲ್ ವ್ಯಾಪ್ತಿಯೊಳಗಿನ ಮನೆ ಮತ್ತು ಜಮೀನು, ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಆ ವ್ಯಾಪ್ತಿಯ ಜಾಗ ಬಳಸುವ ಪರವಾನಗಿ, ಕೌನ್ಸಿಲ್ ಆಸ್ತಿಯಲ್ಲಿ ನಮಗೆ ಪಾಲಿರುವ ಕಂಪನಿಗೋ ಸಂಸ್ಥೆಗೋ ಇರುವ ಬಾಡಿಗೆ ಹಕ್ಕು, ಮತ್ತು ಅದೇ ವ್ಯಾಪ್ತಿಯಲ್ಲಿ ನೆಲೆಯಿರುವ ಕಂಪನಿಯಲ್ಲಿ 25,000 ಪೌಂಡ್ ಮುಖಬೆಲೆಯನ್ನು ಅಥವಾ ನೂರರಲ್ಲಿ ಒಂದು ಪಾಲನ್ನು ಮೀರಿದ ಷೇರು. ಹೆಂಡತಿಯ ಅಥವಾ ಗಂಡನ ಹಿತಾಸಕ್ತಿಯೂ ಸದಸ್ಯನದೇ ಎಂದು ಲೆಕ್ಕ. ಮದುವೆಯಾಗದೆ ಜೊತೆಗೆ ಬಾಳುವವರಿಗೂ ಇದೇ ಮಾತು. ಈ ಲೆಕ್ಕದಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಳಗಿರುವ ನಮ್ಮ ಗದ್ದೆ ಈ ನಮೂನೆಗೆ ಇಲ್ಲದ ಗದ್ದೆ. ಇಂಗ್ಲೆಂಡಿನ ಒಂದು ಹಳ್ಳಿಯ ಬಸ್ ತಂಗುದಾಣಕ್ಕೂ ಮಂಡ್ಯದ ಭತ್ತಕ್ಕೂ ಏನು ಸಂಬಂಧ? ಅದೇ ಹೊತ್ತಿನಲ್ಲಿ ನಾನು ಹುರುಳಿಕಾಯಿ, ಮೆಂತ್ಯ ಬೆಳೆಯಲು ಇದೇ ಕೌನ್ಸಿಲ್‌ನಿಂದ ವರ್ಷದ ಬಾಡಿಗೆಗೆ ಹಿಡಿದಿರುವ ಕೈಯಗಲದ ತರಕಾರಿ ಮಡಿ ಘೋಷಣೆಗೆ ಬರಲೇಬೇಕು. ಎಕರೆಗಟ್ಟಲೆ ಗದ್ದೆ ಹೊರಗೆ, ಮೆಂತ್ಯದ ಮಡಿ ಒಳಗೆ ಎಂದಾಗ ಭಾವ ಬಿದ್ದು ಬಿದ್ದು ನಕ್ಕರು.

ಆದರೆ ತರಕಾರಿ ಮಡಿಗಳ ಬಾಡಿಗೆ ಏರಿಸುವ ವಿಷಯ ಸಭೆಗೆ ಬಂದ ದಿನ ಅದರ ಅರ್ಥ ಸ್ಪಷ್ಟವಾಯಿತು. ಬಾಡಿಗೆ ಏರಿದರೆ ನನ್ನ ಜೇಬಿಗೆ ಬೀಳುವ ಹೊರೆ ನಾಲ್ಕು ಕಾಸಿನದಾದರೂ ಆ ಚರ್ಚೆಯಲ್ಲಿ ಮಾತನಾಡುವಂತಿಲ್ಲ, ಮತ ಹಾಕುವಂತಿಲ್ಲ. ನಮ್ಮ ಸಭಾ ನಿಯಮಗಳ ಪ್ರಕಾರ ಕೋಣೆಯಲ್ಲಿ ಕೂರುವಂತೆಯೂ ಇಲ್ಲ. ನಾನು ಹೊರಗೆ ಹೋದ ಹೊತ್ತನ್ನೂ ಮರಳಿದ ಹೊತ್ತನ್ನೂ ಕ್ಲರ್ಕ್ ನಡಾವಳಿಯಲ್ಲಿ ಬರೆದರು. ಹೆಚ್ಚಿನ ಸದಸ್ಯರೆಲ್ಲ ಹೀಗೆ ಎದ್ದು ಹೋಗಿ ಸಭೆಯೇ ನಡೆಯದಂತಾದರೆ ಮುಂಚಿತವಾಗಿ ಬರಹದಲ್ಲಿ ಕೇಳಿಕೊಂಡು ವಿನಾಯಿತಿ ಪಡೆಯಲು ಅವಕಾಶವಿದೆ, ಅದು ಗರಿಷ್ಠ ನಾಲ್ಕು ವರ್ಷದವರೆಗೆ. ಬರೆದುಕೊಟ್ಟದ್ದೆಲ್ಲ ಮೇಲಿನ ಹಂತದ ಕೌನ್ಸಿಲ್‌ನಲ್ಲಿ ಇಂಥ ಘೋಷಣೆಗಳನ್ನು ನೋಡಿಕೊಳ್ಳುವ ಅಧಿಕಾರಿಯಾದ ಮಾನಿಟರಿಂಗ್ ಆಫೀಸರ್ ಬಳಿಯ ರಿಜಿಸ್ಟರಿಗೆ ಸೇರಿ, ಅಂತರ್ಜಾಲದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ನನ್ನ ಹೆಂಡತಿ ಎಲ್ಲಿ ಕೆಲಸ ಮಾಡುತ್ತಾಳೆಂಬುದು ನೆರೆಮನೆಯವರಿಗೆ ಹೀಗೆ ತಿಳಿದದ್ದು ಅವಳಿಗೆ ಇಂದಿಗೂ ಹಿಡಿಸಿಲ್ಲ.

ಮೈಸೂರು ಸೀಮೆಯಲ್ಲಿ ಕಾನೂನೇ ಇಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಪಾಲಿಕೆಯ ಗುತ್ತಿಗೆಯಲ್ಲಿ ಪಾಲಿರುವವರು ಸದಸ್ಯರಾಗಿರಲು ಅನರ್ಹರೆಂಬ ಮಾತು 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿದೆ. ಆಸ್ತಿ ವಿವರ ಸಲ್ಲಿಸಬೇಕೆಂಬ ಕಟ್ಟಳೆಯೂ ಅದರಲ್ಲಿಯೇ ಇದೆ. 2021ರಲ್ಲಿ ಮೈಸೂರಿನ ಅಂದಿನ ಮೇಯರ್ ಅವರು ಚುನಾವಣಾ ಪ್ರಮಾಣಪತ್ರದಲ್ಲಿ ಆಸ್ತಿಯ ತಪ್ಪು ವಿವರ ಕೊಟ್ಟಿದ್ದರೆಂಬ ಕಾರಣಕ್ಕೆ ಸದಸ್ಯತ್ವ ರದ್ದುಪಡಿಸಿದ್ದ ಕೆಳ ನ್ಯಾಯಾಲಯದ ತೀರ್ಪನ್ನು ಹೈಕೋರ್ಟ್ ಎತ್ತಿಹಿಡಿದು, ಅವರು ಹುದ್ದೆಯನ್ನೇ ಕಳೆದುಕೊಂಡರು. ಇಂಗ್ಲೆಂಡಿನಲ್ಲಿ ಸುಳ್ಳು ಘೋಷಣೆಗೆ ಇಷ್ಟು ಖಡಕ್ಕಾದ ಫಲ ಅಪರೂಪ. ಆದರೆ ನಮ್ಮ ಪ್ರಮಾಣಪತ್ರ ಚುನಾವಣೆಯ ಮುನ್ನಾದಿನದ ಒಂದು ಚಿತ್ರವಷ್ಟೇ. ಸದಸ್ಯರ ಮೈದುನನ ಬಡಾವಣೆಗೆ ರಸ್ತೆ ಮಂಜೂರಾಗುವ ದಿನ ಆ ಪಟ್ಟಿಯನ್ನು ಯಾರೂ ತೆಗೆದು ನೋಡುವುದಿಲ್ಲ, ನೋಡಿದರೂ ಮೈದುನ ಅದರಲ್ಲಿ ಇರುವುದಿಲ್ಲ. ನ್ಯಾಯವಾಗಿ ಹೇಳುವುದಾದರೆ ಇಲ್ಲಿನ ಕಾಯ್ದೆಯ ಪಟ್ಟಿಯಲ್ಲಿಯೂ ಅಣ್ಣತಮ್ಮಂದಿರು, ಭಾವಮೈದುನರು ಇಲ್ಲ. ಅವರನ್ನು ಒಳಗೆ ತರುವ ಕೆಲಸವನ್ನು ಆಯಾ ಕೌನ್ಸಿಲ್‌ನ ನೀತಿಸಂಹಿತೆಗೆ ಬಿಟ್ಟಿದ್ದಾರೆ.

ಉಡುಗೊರೆ ಮತ್ತು ಆತಿಥ್ಯದ ವಿಷಯವೂ ಹಾಗೆಯೇ, ಕಾಯ್ದೆಯಲ್ಲಿಲ್ಲ, ನೀತಿಸಂಹಿತೆಯಲ್ಲಿದೆ. ಸ್ಥಳೀಯ ಸಂಸ್ಥೆಗಳ ಸಂಘ 2020ರ ಡಿಸೆಂಬರಿನಲ್ಲಿ ಹೊರಡಿಸಿದ ಮಾದರಿ ಸಂಹಿತೆಯ ಪ್ರಕಾರ 50 ಪೌಂಡ್ ಅಥವಾ ಅದಕ್ಕೂ ಮೇಲಿನ ಬೆಲೆಯ ಉಡುಗೊರೆಯನ್ನಾಗಲಿ ಊಟೋಪಚಾರವನ್ನಾಗಲಿ 28 ದಿನಗಳೊಳಗೆ ಬರೆಸಬೇಕು. ದೊಡ್ಡ ಉಡುಗೊರೆಯನ್ನು ಬೇಡವೆಂದು ಹಿಂದಿರುಗಿಸಿದ್ದರೂ ಬರೆಸಬೇಕು. ಈ ಕೊನೆಯ ಮಾತನ್ನು ನಾನು ಬಹಳ ಮೆಚ್ಚುತ್ತೇನೆ, ಏಕೆಂದರೆ ಕೊಡಲು ಬಂದವರು ಯಾರೆಂಬುದು ಕೊಟ್ಟ ವಸ್ತುವಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಸನ್ಮಾನದಲ್ಲಿ ಹೊದಿಸುವ ಶಾಲು, ತೊಡಿಸುವ ಮೈಸೂರು ಪೇಟ, ಕೈಗಿಡುವ ಹಣ್ಣಿನ ಬುಟ್ಟಿ ಈ ಮಿತಿಯೊಳಗೇ ಉಳಿದುಬಿಡುತ್ತವೆ, ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ತೂಗಿ ನೋಡಬೇಕಾದದ್ದು ದಸರೆಯ ಪಾಸು. ಜಂಬೂ ಸವಾರಿಯ ದಿನ ಅರಮನೆಯೊಳಗೆ ಒಳ್ಳೆಯ ಜಾಗದಲ್ಲಿ ಕೂರಲು ಜನ ಸಾವಿರಾರು ರೂಪಾಯಿ ಕೊಟ್ಟು ಗೋಲ್ಡ್ ಕಾರ್ಡ್ ಕೊಳ್ಳುವಾಗ, ಅದೇ ಜಾಗಕ್ಕೆ ಯಾರಿಗೆ ಯಾರ ಕೈಯಿಂದ ಪುಕ್ಕಟೆ ಪಾಸು ಹೋಯಿತೆಂಬುದನ್ನು ಬರೆದಿಡುವ ರಿಜಿಸ್ಟರೊಂದು ಇದ್ದರೆ ಎಷ್ಟು ಜನ ಅದನ್ನು ಓದುತ್ತಿದ್ದರೆಂದು ಊಹಿಸಿದರೆ ನಗು ಬರುತ್ತದೆ.

ಓದುವವರಿದ್ದರೆ ರಿಜಿಸ್ಟರ್ ಏನು ಮಾಡಬಲ್ಲದೆಂಬುದಕ್ಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್‌ನಲ್ಲಿ ನಡೆದದ್ದನ್ನು ಹೇಳಬೇಕು. ಅಲ್ಲಿನ ಉಪನಾಯಕರೊಬ್ಬರು ಕಟ್ಟಡ ಪರವಾನಗಿ ಸಮಿತಿಯ ಅಧ್ಯಕ್ಷರಾಗಿ ಬಹುಕಾಲ ಇದ್ದವರು. ಅವರು ಮೂರು ವರ್ಷಗಳಲ್ಲಿ 500ಕ್ಕೂ ಹೆಚ್ಚು ಬಾರಿ ಉಡುಗೊರೆ, ಊಟ, ನಾಟಕದ ಟಿಕೆಟ್ ಇತ್ಯಾದಿಗಳನ್ನು ಪಡೆದಿದ್ದಾರೆ, ಅವುಗಳಲ್ಲಿ ಅನೇಕವು ಕಟ್ಟಡ ಉದ್ಯಮಿಗಳಿಂದ ಬಂದವು ಎಂದು 2018ರಲ್ಲಿ ಪತ್ರಿಕೆಗಳು ಬರೆದವು. ಆಂತರಿಕ ತನಿಖೆಯ ನಂತರ ಅದೇ ವರ್ಷ ಅವರು ರಾಜೀನಾಮೆ ಕೊಟ್ಟರು. ಪತ್ರಕರ್ತರು ಇದಕ್ಕಾಗಿ ಎಲ್ಲಿಯೂ ಕದ್ದು ನೋಡಬೇಕಾಗಿರಲಿಲ್ಲ. ಎಲ್ಲವನ್ನೂ ಆ ಉಪನಾಯಕರೇ ರಿಜಿಸ್ಟರಿನಲ್ಲಿ ಬರೆಸಿದ್ದರು.

ಶಿಕ್ಷೆಯ ವಿಷಯದಲ್ಲಿ ಇಲ್ಲಿನ ವ್ಯವಸ್ಥೆ ಬಡಕಲು. ಘೋಷಿಸಬೇಕಾದ ಹಣಕಾಸಿನ ಹಿತಾಸಕ್ತಿಯನ್ನು ಸಕಾರಣವಿಲ್ಲದೆ ಮುಚ್ಚಿಟ್ಟರೆ ಅದು ಅಪರಾಧ, ದಂಡದ ಜೊತೆಗೆ ಐದು ವರ್ಷದವರೆಗೆ ಅನರ್ಹತೆ ವಿಧಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಆದರೆ ಮೊಕದ್ದಮೆಗಳು ತೀರಾ ವಿರಳ. 2015ರಲ್ಲಿ ಡಾರ್ಸೆಟ್ ಪ್ರಾಂತ್ಯದ ಸದಸ್ಯರೊಬ್ಬರು ತಪ್ಪಿತಸ್ಥರೆಂದು ಸಾಬೀತಾದಾಗಲೂ ನ್ಯಾಯಾಲಯ ಷರತ್ತಿನ ಮೇಲೆ ಬಿಟ್ಟು ಖರ್ಚು ತೆರಿಸಿತು. ನೀತಿಸಂಹಿತೆಯನ್ನು ಮುರಿದವರಿಗೆ ಕೌನ್ಸಿಲ್ ಛೀಮಾರಿ ಹಾಕಬಹುದು, ಸಮಿತಿಯಿಂದ ತೆಗೆಯಬಹುದು, ಅಮಾನತು ಮಾಡಲಾಗದು. ಆರು ತಿಂಗಳವರೆಗೆ ಅಮಾನತಿನ ಅಧಿಕಾರ ಬೇಕೆಂದು ಸರ್ಕಾರಕ್ಕೆ ಸಲಹೆ ಕೊಡುವ ಸಾರ್ವಜನಿಕ ಜೀವನದ ನೀತಿಮಟ್ಟದ ಸಮಿತಿ 2019ರಲ್ಲಿಯೇ ಹೇಳಿತ್ತು. ಸರ್ಕಾರ ಆ ಬಗ್ಗೆ ಜನಾಭಿಪ್ರಾಯ ಕೇಳಿದ್ದು 2024ರ ಡಿಸೆಂಬರಿನಲ್ಲಿ.

ಭಾವನವರು ಈಗ ಕೇಳುತ್ತಿರುವುದು ಬೇರೆಯೇ ಪ್ರಶ್ನೆ: ನಗರಸಭೆಯ ನಡಾವಳಿಯಲ್ಲಿ "ಇಂಥ ಸದಸ್ಯರು ಹಿತಾಸಕ್ತಿಯ ಕಾರಣ ಹೊರನಡೆದರು" ಎಂಬ ಒಂದು ಸಾಲು ಎಂದಾದರೂ ಬರೆದದ್ದುಂಟೇ? ತಮ್ಮ ಅವಧಿಯಲ್ಲಿ ಅಂಥದ್ದನ್ನು ಕಂಡ ನೆನಪು ಅವರಿಗಿಲ್ಲ. ಹಳೆಯ ನಡಾವಳಿಗಳ ನಕಲು ಬೇಕೆಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದಾಗಿ ಹೇಳಿದ್ದಾರೆ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ.